ಕ್ಯಾಟನ್, ಟಿಕೆಟ್ ಟು ರೈಡ್, ಅಜೂಲ್, ಪ್ಯಾಂಡೆಮಿಕ್: ನಾಲ್ಕು ಆಟ, ಒಂದು ಮನೆ

ಹೊಸದಾಗಿ ಬೋರ್ಡ್ ಗೇಮ್ ಕೊಳ್ಳಬೇಕು ಅನ್ನುವವರು ಸಾಮಾನ್ಯವಾಗಿ ಕೇಳುವುದು, ‘ಯಾವುದು ಚೆನ್ನಾಗಿದೆ?’ ಅಂತ. ನಾನಾದರೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅರ್ಧ ಆಟ ಮುಗಿಯುವಷ್ಟರಲ್ಲಿ ಹಿಂದೆ ಬಿದ್ದವರಿಗೆ ಉಳಿದರ್ಧದಲ್ಲಿ ಮಾಡಲು ಏನಿದೆ? ಮನೆಯಲ್ಲಿ ಆಡುವವರು ಮೂರೋ ನಾಲ್ಕೋ ಜನ. ಅವರಲ್ಲಿ ಒಬ್ಬರಿಗೆ ‘ನಂದು ಮುಗೀತು, ನೀವೇ ಆಡ್ಕೊಳ್ಳಿ’ ಅನ್ನಿಸಿದರೆ ಅಲ್ಲಿಗೆ ಆಟ ಕೆಟ್ಟಿತು. ಮುಂದಿನ ಭಾನುವಾರ ಅವರನ್ನು ಮತ್ತೆ ಕೂರಿಸುವುದು ಕಷ್ಟ. ಇಂಟರ್‌ನೆಟ್ಟಿನಲ್ಲಿ ಯಾರು ಎಷ್ಟು ಹೊಗಳಿದ್ದರೂ ಆ ಡಬ್ಬಿ ಅಟ್ಟ ಸೇರುತ್ತದೆ.

ನಮ್ಮ ಮನೆಯಲ್ಲಿ ಆಡಲು ಕೂರುವವರು ಅತ್ತೆ, ಯಜಮಾನರು, ಆರನೇ ಕ್ಲಾಸಿನ ಮಗಳು ಮತ್ತು ನಾನು. ಅತ್ತೆಗೆ ಎಪ್ಪತ್ತರ ಹತ್ತಿರ. ಚೌಕಾಬಾರದಲ್ಲಿ ಪಳಗಿದ ಕೈ ಅವರದು. ಕವಡೆ ಬಿಟ್ಟ ತಕ್ಷಣ ಯಾವ ಕಾಯಿ ನಡೆಸಬೇಕು ಅಂತ ನಾವಿನ್ನೂ ಎಣಿಸುತ್ತಿರುವಾಗಲೇ ಅವರು ನಡೆಸಿ ಆಗಿರುತ್ತದೆ. ಆದ್ದರಿಂದ ‘ಹಿರಿಯರಿಗೆ ಇವೆಲ್ಲ ಅರ್ಥವಾಗೋದಿಲ್ಲ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆಟ ಅರ್ಥವಾಗದೆ ಹೋಗುವುದು ವಯಸ್ಸಿನಿಂದಲ್ಲ, ನಿಯಮ ಹೇಳಿಕೊಡುವವರಿಂದ.

ಆಡಿದ ನಾಲ್ಕೂ ಪ್ರಪಂಚದಲ್ಲಿ ಹಳಬರೇ. ನಮಗೆ ಮಾತ್ರ ಹೊಸದು. ಕ್ಯಾಟನ್ 1995ರದು, ಜರ್ಮನಿಯ ಕ್ಲಾಸ್ ಟ್ಯೂಬರ್ ಮಾಡಿದ್ದು. ಟಿಕೆಟ್ ಟು ರೈಡ್ 2004ರದು, ಅಲನ್ ಮೂನ್ ಅವರದು. ಪ್ಯಾಂಡೆಮಿಕ್ 2008ರಲ್ಲಿ ಬಂತು, ಮ್ಯಾಟ್ ಲೀಕಾಕ್ ಕೈಚಳಕ. ಅಜೂಲ್ 2017ರದು, ಮಿಖಾಯೆಲ್ ಕೀಸ್ಲಿಂಗ್ ಅವರದು. ಪ್ಯಾಂಡೆಮಿಕ್ ಬಿಟ್ಟು ಉಳಿದ ಮೂರಕ್ಕೂ ಜರ್ಮನಿಯ ವರ್ಷದ ಆಟ ಅನ್ನುವ ಪ್ರಶಸ್ತಿ ಬಂದಿದೆ. ಬೋರ್ಡ್ ಗೇಮ್ ಮಂದಿ ಜಾಸ್ತಿ ಬೆಲೆ ಕೊಡುವ ಪ್ರಶಸ್ತಿ ಅದು. ಹಾಗಾಗಿ ಇವುಗಳಲ್ಲಿ ಕೆಟ್ಟ ಆಟ ಯಾವುದೂ ಇಲ್ಲ. ನಮ್ಮಂಥ ಮನೆಗೆ ಯಾವುದು ಹೊಂದುತ್ತದೆ ಅನ್ನುವುದಷ್ಟೇ ಮಾತು.

ಇಂಗ್ಲಿಷ್ ಎಷ್ಟು ಬೇಕು?

ಕನ್ನಡದ ಮನೆಗೆ ಇದು ಮೊದಲ ಪ್ರಶ್ನೆ ಆಗಬೇಕು. ಆದರೆ ಯಾವ ವಿಮರ್ಶೆಯಲ್ಲೂ ನನಗೆ ಇದು ಕಾಣಲಿಲ್ಲ. ಅತ್ತೆ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಆದರೆ ಒಂದು ಪ್ಯಾರಾ ಓದಿ ಅರ್ಥ ಮಾಡಿಕೊಳ್ಳಿ ಅಂದರೆ ಅವರಿಗೆ ಬೇಸರ. ಸರದಿ ಬಂದಾಗಲೆಲ್ಲ ಕೈಯಲ್ಲಿರುವ ಕಾರ್ಡನ್ನು ಮೊಮ್ಮಗಳಿಗೆ ತೋರಿಸಿ ‘ಇದೇನು ಬರೆದಿದೆ ಓದು’ ಅಂತ ಕೇಳಬೇಕಾದರೆ ಆಟದ ಗುಟ್ಟೂ ಹೋಯಿತು, ಗೌರವವೂ ಹೋಯಿತು.

ಈ ಲೆಕ್ಕದಲ್ಲಿ ಅಜೂಲ್‌ಗೆ ಮೊದಲ ಸ್ಥಾನ. ಬಿಲ್ಲೆಗಳ ಮೇಲೆ ಒಂದಕ್ಷರವೂ ಇಲ್ಲ. ಬಣ್ಣ ಗೊತ್ತಾದರೆ ಸಾಕು. ರೈಲು ದಾರಿ ಹಾಕುವ ಟಿಕೆಟ್ ಟು ರೈಡ್‌ನಲ್ಲಿ ಊರಿನ ಹೆಸರುಗಳಿವೆ, ಅವೂ ಉತ್ತರ ಅಮೆರಿಕದ ಊರುಗಳು. ಡುಲುತ್ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ಆದರೆ ಯಾವ ಎರಡು ಊರು ಕೂಡಿಸಬೇಕು ಅಂತ ಹೇಳುವ ಪ್ರತಿ ಟಿಕೆಟ್ಟಿನ ಮೇಲೂ ಪುಟ್ಟ ನಕಾಶೆ ಇದೆ, ಆ ಊರುಗಳು ಎಲ್ಲೆಲ್ಲಿವೆ ಅಂತ ಗುರುತು ಮಾಡಿದ್ದಾರೆ. ಅತ್ತೆ ಹೆಸರು ಓದುವ ಗೋಜಿಗೇ ಹೋಗಲಿಲ್ಲ. ನಕಾಶೆ ನೋಡಿ ‘ಈ ಮೇಲಿನ ಮೂಲೆಯಿಂದ ಆ ಕೆಳಗಿನ ಮೂಲೆಗೆ’ ಅಂತ ಗುರುತು ಹಿಡಿದುಕೊಂಡರು. ಕ್ಯಾಟನ್‌ನಲ್ಲಿ ಬೋರ್ಡೆಲ್ಲ ಚಿತ್ರ ಮತ್ತು ಅಂಕಿ, ಆದರೆ ಅಭಿವೃದ್ಧಿ ಕಾರ್ಡುಗಳಲ್ಲಿ ಇಂಗ್ಲಿಷ್ ಇದೆ. ಅಂಥ 25 ಕಾರ್ಡುಗಳಲ್ಲಿ 14 ಸೈನಿಕನ ಕಾರ್ಡುಗಳೇ, ಚಿತ್ರ ನೋಡಿದರೆ ಸಾಕು. ಉಳಿದವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪಕ್ಕದಲ್ಲಿಟ್ಟರೆ ಕೆಲಸ ಆಯಿತು. ಮಗಳೇ ಬರೆದಳು. ಪ್ಯಾಂಡೆಮಿಕ್ ಇವುಗಳಲ್ಲೆಲ್ಲ ಕಷ್ಟದ್ದು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ, ಪಾತ್ರಕ್ಕೆ ತಕ್ಕ ವಿಶೇಷ ಶಕ್ತಿ, ಮೇಲೆ ಬೇರೆ ಕಾರ್ಡುಗಳು. ಎಲ್ಲದರ ಮೇಲೂ ಇಂಗ್ಲಿಷ್ ಸಾಲುಗಳು. ಆದರೆ ಅದು ಎಲ್ಲರೂ ಸೇರಿ ಆಡುವ ಆಟ. ಮುಚ್ಚಿಡಬೇಕಾದ್ದು ಹೆಚ್ಚೇನಿಲ್ಲ, ಹಾಗಾಗಿ ಜೋರಾಗಿ ಓದಿ ಹೇಳಿದರೂ ತೊಂದರೆಯಿಲ್ಲ.

ನಿಯಮ ಹೇಳಿಕೊಡುವ ಹೊತ್ತು ನೋಡಿದರೆ ಟಿಕೆಟ್ ಟು ರೈಡ್ ತೀರಾ ಸುಲಭ. ಸರದಿ ಬಂದಾಗ ಮೂರರಲ್ಲಿ ಒಂದು ಕೆಲಸ: ಬಣ್ಣದ ಕಾರ್ಡ್ ತಗೋ, ಇಲ್ಲಾ ದಾರಿ ಹಿಡಿ, ಇಲ್ಲಾ ಹೊಸ ಟಿಕೆಟ್ ತಗೋ. ಅಷ್ಟೇ. ಅಜೂಲ್ ಆಡುವುದು ಇನ್ನೂ ಸುಲಭ, ಆದರೆ ಅಂಕ ಎಣಿಸುವುದು ಮೊದಲ ಸಲ ತಲೆ ತಿನ್ನುತ್ತದೆ. ಕ್ಯಾಟನ್‌ಗೆ ಇಪ್ಪತ್ತು ನಿಮಿಷವಾದರೂ ಬೇಕು. ಪ್ಯಾಂಡೆಮಿಕ್ ಅನ್ನು ಮೊದಲೇ ವಿವರಿಸಲು ಹೋಗಬೇಡಿ. ಬೋರ್ಡ್ ಹಾಸಿ, ಆಡುತ್ತಾ ಆಡುತ್ತಾ ಹೇಳಿ.

ಕ್ಯಾಟನ್: ಶುರುವಿನಲ್ಲೇ ಅರ್ಧ ಆಟ

ಕ್ಯಾಟನ್ ಒಂದು ದ್ವೀಪ. ಆರು ಮೂಲೆಯ 19 ತುಂಡುಗಳನ್ನು ಜೋಡಿಸಿದರೆ ದ್ವೀಪ ತಯಾರು. ಒಂದೊಂದು ತುಂಡಿನಲ್ಲೂ ಒಂದೊಂದು ಬೆಳೆ: ಇಟ್ಟಿಗೆ, ಮರ, ಉಣ್ಣೆ, ಗೋಧಿ, ಅದಿರು. ಒಂದು ತುಂಡು ಮಾತ್ರ ಬರೀ ಮರಳುಗಾಡು. ಅದನ್ನು ಬಿಟ್ಟು ಪ್ರತಿ ತುಂಡಿಗೂ ಒಂದು ಅಂಕಿ. ಎರಡು ದಾಳ ಹಾಕಿದಾಗ ಬಂದ ಮೊತ್ತದ ಅಂಕಿ ಎಲ್ಲಿದೆಯೋ, ಅದರ ಪಕ್ಕದಲ್ಲಿ ಮನೆ ಕಟ್ಟಿಕೊಂಡವರಿಗೆ ಬೆಳೆ. ಬೆಳೆ ಕೊಟ್ಟು ರಸ್ತೆ, ಮನೆ, ನಗರ ಕಟ್ಟಬೇಕು. ಮೊದಲು 10 ಅಂಕ ಮಾಡಿದವರು ಗೆದ್ದರು.

ದಾಳದ ಲೆಕ್ಕ ಗೊತ್ತಿದ್ದವರಿಗೆ ಇಲ್ಲಿ ದೊಡ್ಡ ಲಾಭ. ಎರಡು ದಾಳದಲ್ಲಿ ಒಟ್ಟು 36 ರೀತಿ ಬೀಳಬಹುದು. 6 ಬರುವುದು ಅದರಲ್ಲಿ 5 ರೀತಿ, 8 ಬರುವುದೂ 5 ರೀತಿ. 2 ಮತ್ತು 12 ಬರುವುದು ಒಂದೊಂದೇ ರೀತಿ. ಆಟದವರು ಪಾಪ ಅಂಕಿಯ ಕೆಳಗೆ ಚುಕ್ಕಿ ಹಾಕಿ ಇದನ್ನು ಸೂಚಿಸಿದ್ದಾರೆ. ಹೆಚ್ಚು ಚುಕ್ಕಿ ಇದ್ದರೆ ಹೆಚ್ಚು ಸಲ ಬರುತ್ತದೆ. ಆದರೆ ಹೊಸಬರ ಕಣ್ಣು ಚುಕ್ಕಿಯ ಮೇಲೆ ಹೋಗುವುದಿಲ್ಲ. ಅತ್ತೆ ತಮ್ಮ ಎರಡೂ ಮನೆಗಳನ್ನು ಸಮುದ್ರದ ಬದಿಯಲ್ಲಿ, 3, 11, 12 ಇರುವ ತುಂಡುಗಳ ಪಕ್ಕ ಇಟ್ಟರು. ಆ ಮೂರನ್ನೂ ಕೂಡಿಸಿದರೆ 36ರಲ್ಲಿ 5. ಪಕ್ಕದಲ್ಲಿ ಮಗಳ ಒಂದೇ ಒಂದು 8ಕ್ಕೆ ಇರುವಷ್ಟು. ದಾಳ ಸುತ್ತು ಸುತ್ತು ತಿರುಗಿತು. ಮಗಳು, ಯಜಮಾನರು ಕಾರ್ಡ್ ಬಾಚಿಕೊಳ್ಳುತ್ತಿದ್ದರೆ ಅತ್ತೆಯ ಮುಂದೆ ಒಂದು ಉಣ್ಣೆ, ಒಂದು ಗೋಧಿ. ಅದಕ್ಕೆ ಏನೂ ಕಟ್ಟಲು ಬರುವುದಿಲ್ಲ. ಮನೆಗೆ ಇಟ್ಟಿಗೆ, ಮರ, ಉಣ್ಣೆ, ಗೋಧಿ ನಾಲ್ಕೂ ಬೇಕು.

ಇದೇ ನನಗೆ ಕ್ಯಾಟನ್ ಮೇಲಿರುವ ದೂರು. ಮನೆ ಇಡುವ ಮೊದಲ ಐದು ನಿಮಿಷದಲ್ಲಿ ಎಡವಿದರೆ ಮುಂದಿನ ಒಂದು ಗಂಟೆ ಅದನ್ನೇ ಅನುಭವಿಸಬೇಕು. ಅದೂ ಬಹುತೇಕ ಅಂಕಗಳು ಎಲ್ಲರ ಕಣ್ಣೆದುರಿಗೇ ಇರುತ್ತವೆ. ಒಬ್ಬರು 8ಕ್ಕೆ ಬಂದಿದ್ದಾರೆ, ನಾನಿನ್ನೂ 3ರಲ್ಲಿದ್ದೇನೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಮೇಲಿಂದ 7 ಬಿದ್ದರೆ ಕಳ್ಳ ಬರುತ್ತಾನೆ. 36ರಲ್ಲಿ 6 ಸಲ, ಅಂದರೆ ಬೇರೆಲ್ಲ ಅಂಕಿಗಿಂತ ಜಾಸ್ತಿ. ಏಳಕ್ಕಿಂತ ಹೆಚ್ಚು ಕಾರ್ಡ್ ಕೂಡಿಟ್ಟವರು ಅರ್ಧ ಕೊಟ್ಟುಬಿಡಬೇಕು. ಕಳ್ಳ ಕೂತ ತುಂಡಿನಲ್ಲಿ ಬೆಳೆಯೂ ಬರುವುದಿಲ್ಲ.

ಹಾಗಂತ ಕ್ಯಾಟನ್ ಬೇಡ ಅಂತ ನಾನು ಹೇಳುವುದಿಲ್ಲ. ಉಳಿದ ಮೂರರಲ್ಲಿ ಇಲ್ಲದ ಒಂದು ಸೊಗಸು ಇದರಲ್ಲಿದೆ, ಚೌಕಾಸಿ. ಸರದಿ ಇರುವವರು ಯಾರ ಜೊತೆ ಬೇಕಾದರೂ ಅದಲು ಬದಲು ಮಾಡಿಕೊಳ್ಳಬಹುದು. ‘ಅಜ್ಜಿ, ಒಂದು ಉಣ್ಣೆ ಕೊಡು, ಮರ ಕೊಡ್ತೀನಿ.’ ‘ಒಂದಕ್ಕೆ ಕೊಡಲ್ಲ, ಎರಡು ಕೊಟ್ರೆ ನೋಡೋಣ.’ ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವಾಗ ಅತ್ತೆ ತೋರಿಸುವ ಗತ್ತು ಇಲ್ಲೂ ಬಂತು. ಏನೂ ಕಟ್ಟಲಾಗದೆ ಕೂತಿದ್ದವರಿಗೆ ಮಾತನಾಡಲು ಒಂದು ಅವಕಾಶ ಸಿಕ್ಕಿತು. ನನ್ನ ಮೈದುನ ಬಂದ ದಿನವಂತೂ ಮನೆ ತುಂಬಾ ಗಲಾಟೆ. ಮಾತಿನಲ್ಲಿ ಮರುಳು ಮಾಡುವವರು ಒಬ್ಬರಿದ್ದರೆ ಕ್ಯಾಟನ್‌ಗೆ ಜೀವ ಬರುತ್ತದೆ. ಮಾತು ಕಡಿಮೆ ಇರುವ ಮನೆಯಲ್ಲಿ ಅದು ಬರೀ ದಾಳದ ಆಟ.

ಕೊಳ್ಳುವುದಾದರೆ ಒಂದು ಮಾತು. ಹೊಸಬರಿಗೆ ಅಂತಲೇ ನಿಯಮ ಪುಸ್ತಕದಲ್ಲಿ ಒಂದು ಸಿದ್ಧ ಜೋಡಣೆ ಕೊಟ್ಟಿದ್ದಾರೆ. ತುಂಡುಗಳು ಎಲ್ಲಿ, ಯಾರ ಮನೆ ಎಲ್ಲಿ ಅಂತ ಚಿತ್ರ ಸಮೇತ ಇದೆ. ಅದನ್ನು ನೋಡಿಯೇ ಶುರು ಮಾಡಿ. ಎಲ್ಲರಿಗೂ ಹೆಚ್ಚುಕಡಿಮೆ ಸಮಾನ ಜಾಗ ಸಿಗುತ್ತದೆ. ಅತ್ತೆಗೂ ಆಮೇಲೆ ಈ ಜೋಡಣೆಯಲ್ಲೇ ಆಟ ರುಚಿಸಿದ್ದು.

ಟಿಕೆಟ್ ಟು ರೈಡ್: ಸೋಲು ಗೆಲುವು ಕೊನೆವರೆಗೆ ಗುಟ್ಟು

ಇದರಲ್ಲಿ ಉತ್ತರ ಅಮೆರಿಕದ ನಕಾಶೆಯ ಮೇಲೆ ರೈಲು ದಾರಿ ಹಾಕಬೇಕು. ಒಬ್ಬೊಬ್ಬರಿಗೆ 45 ಪ್ಲಾಸ್ಟಿಕ್ ಬೋಗಿಗಳು. ಬಣ್ಣದ ಕಾರ್ಡ್ ಕೂಡಿಸಿ, ಅದೇ ಬಣ್ಣದ ದಾರಿಯ ಮೇಲೆ ಬೋಗಿ ಇಟ್ಟರೆ ದಾರಿ ನಿಮ್ಮದು. ಇದಲ್ಲದೆ ಕೈಯಲ್ಲಿ ಗುಟ್ಟಾದ ಟಿಕೆಟ್‌ಗಳಿರುತ್ತವೆ. ಉದಾಹರಣೆಗೆ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕ್‌ಗೆ ದಾರಿ ಕೂಡಿಸಿದರೆ 21 ಅಂಕ. ಕೂಡಿಸಲಾಗದಿದ್ದರೆ ಅದೇ 21 ಕಳೆಯುತ್ತದೆ.

ಇಲ್ಲಿನ ಅಂಕದ ಲೆಕ್ಕ ನನಗೆ ತುಂಬಾ ಹಿಡಿಸಿತು. ಒಂದು ಬೋಗಿಯ ದಾರಿಗೆ 1 ಅಂಕ, ಎರಡಕ್ಕೆ 2. ಮೂರಕ್ಕೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15. ಅಂದರೆ ಒಂದೊಂದೇ ಬೋಗಿ ಇಡುತ್ತಾ ಓಡಾಡುವವರಿಗಿಂತ ತಾಳ್ಮೆಯಿಂದ ಕಾರ್ಡ್ ಕೂಡಿಡುವವರಿಗೆ ಹೆಚ್ಚು. ಅತ್ತೆ ಸುಮ್ನೆ ಕೂತು ಕಾರ್ಡ್ ತೆಗೆದುಕೊಳ್ಳುತ್ತಲೇ ಇದ್ದರು. ಬೋರ್ಡಿನ ಮೇಲೆ ಅವರದು ಏನೂ ಇಲ್ಲ. ಮಗಳ ಕೆಂಪು ರೈಲು ಆಗಲೇ ಅರ್ಧ ದೇಶ ದಾಟಿತ್ತು. ‘ಅಜ್ಜಿ, ಏನಾದ್ರೂ ಇಡು, ಆಟ ಮುಗಿದುಹೋಗತ್ತೆ’ ಅಂತ ಅವಳಿಗೇ ಆತಂಕ. ಅತ್ತೆ ಕೈಯಲ್ಲಿದ್ದ ಕಾರ್ಡುಗಳನ್ನು ಬಣ್ಣ ಬಣ್ಣವಾಗಿ ಜೋಡಿಸಿ, ಒಂದೇ ಬಣ್ಣದ ಆರು ಕಾರ್ಡ್ ಎತ್ತಿ ಹಾಕಿ, ಆರು ಬೋಗಿ ಸಾಲಾಗಿ ಇಟ್ಟರು. 15 ಅಂಕ. ಮುಂದಿನ ಸರದಿಯಲ್ಲಿ ಐದು ಬೋಗಿ. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು.

ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಆಟದಲ್ಲಿ ಹಿಂದೆ ಬಿದ್ದವರು ಯಾರು ಅಂತ ಆಟ ಮುಗಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬೋರ್ಡಿನ ಅಂಚಿನಲ್ಲಿ ದಾರಿಗಳ ಅಂಕ ಕಾಣುತ್ತದೆ, ನಿಜ. ಆದರೆ ಟಿಕೆಟ್‌ಗಳ ಅಂಕ ಬಚ್ಚಿಟ್ಟಿರುತ್ತದೆ. ತಡೆಯಿಲ್ಲದೆ ಅತಿ ಉದ್ದದ ದಾರಿ ಹಾಕಿದವರಿಗೆ ಇನ್ನೂ 10. ಅವೆಲ್ಲ ಎಣಿಸುವುದು ಕೊನೆಯಲ್ಲೇ. ಹಾಗಾಗಿ ಇಪ್ಪತ್ತು ಅಂಕ ಹಿಂದಿರುವವರೂ ‘ಟಿಕೆಟ್ ಬಿಚ್ಚಲಿ, ಆಮೇಲೆ ನೋಡೋಣ’ ಅಂತ ಹುರುಪಿನಿಂದಲೇ ಇರುತ್ತಾರೆ. ಯಾರದಾದರೂ ಬೋಗಿ ಎರಡಕ್ಕೆ ಇಳಿದ ಮೇಲೆ ಎಲ್ಲರಿಗೂ ಇನ್ನೊಂದು ಸರದಿ ಸಿಕ್ಕಿ ಆಟ ಮುಗಿಯುತ್ತದೆ. ಆಮೇಲೆ ಒಬ್ಬೊಬ್ಬರೂ ಟಿಕೆಟ್ ತೆರೆಯುವಾಗ ಎಲ್ಲರ ಕಣ್ಣೂ ಅಲ್ಲೇ. ಸೋತವರೂ ಮುಗಿಯುವವರೆಗೆ ಎದ್ದು ಹೋಗುವುದಿಲ್ಲ.

ಸರದಿಗಾಗಿ ಕಾಯುವ ಬೇಜಾರೂ ಇಲ್ಲಿ ಕಡಿಮೆ. ಕಾರ್ಡ್ ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕು? ಒಂದು ಸುತ್ತು ಬೇಗ ಮುಗಿಯುತ್ತದೆ.

ಕೊರತೆ ಇಲ್ಲವೇ ಅಂದರೆ, ಇದೆ. ಅಡ್ಡ ಹಾಕುವುದು. ನ್ಯಾಶ್‌ವಿಲ್‌ನಿಂದ ಅಟ್ಲಾಂಟಾಗೆ ಒಂದೇ ಬೋಗಿಯ ಪುಟ್ಟ ದಾರಿ. ಅದನ್ನು ಬೇರೆ ಯಾರಾದರೂ ಹಿಡಿದರೆ ನೀವು ಸುತ್ತಿ ಬಳಸಿ ಹೋಗಬೇಕು. ಇಬ್ಬರು ಅಥವಾ ಮೂವರು ಆಡುವಾಗ ಜೋಡಿ ದಾರಿಗಳಲ್ಲಿ ಒಂದು ಮಾತ್ರ ತೆರೆದಿರುತ್ತದೆ, ಆಗ ಇಕ್ಕಟ್ಟು ಇನ್ನೂ ಹೆಚ್ಚು. ಬೇಕೆಂದೇ ಅಡ್ಡ ಹಾಕಿದರೆ ಮಕ್ಕಳಿಗೆ ಅಳು ಬರುತ್ತದೆ. ನಮ್ಮಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು: ನಿನಗೆ ಬೇಕಾದ ದಾರಿ ಹಿಡಿ, ಬರೀ ಇನ್ನೊಬ್ಬರಿಗೆ ತೊಂದರೆ ಕೊಡಲು ಹಿಡಿಯಬೇಡ. ಇದೇ ಆಟದ ಯುರೋಪ್ ನಕಾಶೆ 2005ರಲ್ಲಿ ಬಂತು. ಅದರಲ್ಲಿ ಒಬ್ಬೊಬ್ಬರಿಗೆ ಮೂರು ಸ್ಟೇಷನ್ ಕೊಡುತ್ತಾರೆ. ಸ್ಟೇಷನ್ ಇಟ್ಟರೆ ಇನ್ನೊಬ್ಬರ ದಾರಿಯನ್ನು ನೀವೂ ಬಳಸಿಕೊಳ್ಳಬಹುದು. ಮಕ್ಕಳಿರುವ ಮನೆಗೆ ಅದೇ ಉತ್ತಮ ಅಂತ ನನ್ನ ಅನಿಸಿಕೆ, ನಿಯಮ ಸ್ವಲ್ಪ ಜಾಸ್ತಿ ಇದ್ದರೂ.

ಅಜೂಲ್: ನೋಡಲು ಸೌಮ್ಯ, ಆಡಲು ಖಾರ

ಪೋರ್ಚುಗಲ್‌ನ ಬಣ್ಣದ ಗೋಡೆ ಬಿಲ್ಲೆಗಳ ಮೇಲೆ ಈ ಆಟ ನಿಂತಿದೆ. ಐದು ಬಣ್ಣ, ಒಂದೊಂದು ಬಣ್ಣದಲ್ಲಿ 20, ಒಟ್ಟು 100 ಬಿಲ್ಲೆ. ಬಟ್ಟೆ ಚೀಲದಲ್ಲಿ ಕೈ ಹಾಕಿ ಕಲಕಿದಾಗ ಬರುವ ಸದ್ದಿಗೇ ಮಗಳು ಮನಸೋತಳು. ಬಿಲ್ಲೆಗಳು ನುಣುಪಾಗಿ, ಪೆಪ್ಪರ್‌ಮಿಂಟ್ ತರ ಇವೆ. ಮನೆಗೆ ಪುಟ್ಟ ಮಕ್ಕಳು ಬಂದಾಗ ಮೇಲೆತ್ತಿಡಿ.

ದುಂಡನೆಯ ತಟ್ಟೆಗಳ ಮೇಲೆ ನಾಲ್ಕು ನಾಲ್ಕು ಬಿಲ್ಲೆ ಇಡುತ್ತಾರೆ. ಒಂದು ತಟ್ಟೆಯಿಂದ ಒಂದು ಬಣ್ಣದ್ದೆಲ್ಲ ನೀವು ತೆಗೆದುಕೊಳ್ಳಬೇಕು, ಉಳಿದದ್ದು ನಡುವಿಗೆ ಹೋಗುತ್ತದೆ. ನಡುವಿನಿಂದಲೂ ಹೀಗೇ ತೆಗೆಯಬಹುದು. ತೆಗೆದದ್ದನ್ನು ನಿಮ್ಮ ಹಲಗೆಯ ಒಂದು ಸಾಲಿನಲ್ಲಿ ಇಡಬೇಕು. ಒಂದರಿಂದ ಐದು ಮನೆಯವರೆಗೆ ಐದು ಸಾಲುಗಳಿವೆ. ಸಾಲು ತುಂಬಿದರೆ ಅದರಲ್ಲಿ ಒಂದು ಬಿಲ್ಲೆ ಗೋಡೆಗೆ ಹೋಗುತ್ತದೆ. ಗೋಡೆಗೆ ಇಟ್ಟ ಬಿಲ್ಲೆಗೆ ಅಕ್ಕಪಕ್ಕ, ಮೇಲೆ ಕೆಳಗೆ ಎಷ್ಟು ಬಿಲ್ಲೆ ತಾಗಿವೆ ಅಂತ ನೋಡಿ ಅಂಕ. ಅಡ್ಡಕ್ಕೆ ಮೂರರ ಸಾಲು, ಉದ್ದಕ್ಕೆ ಎರಡರ ಸಾಲು ಆಯಿತೆನ್ನಿ, 3 ಮತ್ತು 2 ಸೇರಿ 5. ಇದನ್ನು ಒಮ್ಮೆ ಮಾಡಿ ತೋರಿಸಿದರೆ ಎರಡನೇ ಸುತ್ತಿಗೆ ಎಲ್ಲರಿಗೂ ಹಿಡಿತ ಸಿಗುತ್ತದೆ.

ಜಾಗ ಇಲ್ಲದ ಬಿಲ್ಲೆಗಳು ನೆಲಕ್ಕೆ ಬೀಳುತ್ತವೆ. ಬಿದ್ದದ್ದಕ್ಕೆ ಅಂಕ ಕಡಿತ: ಮೊದಲ ಎರಡಕ್ಕೆ ಒಂದೊಂದು, ಮುಂದಿನ ಮೂರಕ್ಕೆ ಎರಡೆರಡು, ಆಮೇಲೆ ಮೂರು ಮೂರು. ಆಟದ ಖಾರ ಇಲ್ಲೇ ಇರುವುದು. ಸುತ್ತಿನ ಕೊನೆಗೆ ನಡುವೆ ಆರು ಕಪ್ಪು ಬಿಲ್ಲೆ ಉಳಿದಿವೆ ಅಂದುಕೊಳ್ಳಿ. ನಿಮಗೆ ಒಂದೇ ಮನೆ ಖಾಲಿ. ಬೇರೇನೂ ಉಳಿದಿಲ್ಲ, ತೆಗೆದುಕೊಳ್ಳಲೇಬೇಕು. ಒಂದು ಇಟ್ಟಿರಿ, ಐದು ನೆಲಕ್ಕೆ. 8 ಅಂಕ ಹೋಯಿತು. ಇದನ್ನು ಎರಡು ಸರದಿ ಮೊದಲೇ ಊಹಿಸಿ, ಪಕ್ಕದವರಿಗೆ ಆ ರಾಶಿ ದಾಟಿಸುವುದರಲ್ಲಿ ಅತ್ತೆ ಎತ್ತಿದ ಕೈ. ಚೌಕಾಬಾರದಲ್ಲಿ ಕಾಯಿ ಕಡಿಯಲು ಕಾದು ಕೂರುವವರಿಗೆ ಈ ಬುದ್ಧಿ ಮೊದಲೇ ಇರುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಚೌಕಾಬಾರದಲ್ಲಿ ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಬರಬೇಕು. ಅಜೂಲ್‌ನಲ್ಲಿ ಅಂಕ ಹೋದರೂ ಗೋಡೆಗೆ ಏರಿದ ಬಿಲ್ಲೆಯನ್ನು ಯಾರೂ ಕೀಳುವುದಿಲ್ಲ. ಕಟ್ಟಿದ್ದು ಕಟ್ಟಿದ್ದೇ.

ಹಿಂದೆ ಬಿದ್ದವರಿಗೆ ಕೊನೆಯಲ್ಲಿ ಆಸೆಯೂ ಇದೆ. ಪೂರ್ತಿಯಾದ ಅಡ್ಡ ಸಾಲಿಗೆ 2, ಉದ್ದ ಸಾಲಿಗೆ 7, ಒಂದು ಬಣ್ಣದ ಐದೂ ಬಿಲ್ಲೆ ಗೋಡೆಗೆ ಏರಿದ್ದರೆ 10. ಯಾರಾದರೂ ಒಂದು ಅಡ್ಡ ಸಾಲು ಮುಗಿಸಿದ ಸುತ್ತಿಗೆ ಆಟ ಮುಗಿಯುವುದರಿಂದ, ಮುಂದಿದ್ದವರು ಬೇಗ ಮುಗಿಸಲು ನೋಡುತ್ತಾರೆ, ಹಿಂದಿದ್ದವರು ಉದ್ದ ಸಾಲಿಗಾಗಿ ಇನ್ನೊಂದು ಸುತ್ತು ಎಳೆಯಲು ನೋಡುತ್ತಾರೆ. ಈ ಎಳೆದಾಟ ಚೆನ್ನಾಗಿದೆ. ಆದರೆ ಟಿಕೆಟ್ ಟು ರೈಡ್‌ನಷ್ಟು ಗುಟ್ಟಿಲ್ಲ. ಎಲ್ಲರ ಹಲಗೆಯೂ ಎದುರಿಗಿರುತ್ತದೆ, ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಬಲ್ಲವರಿಗೆ ತಿಳಿಯುತ್ತದೆ.

ಒಂದು ಸಣ್ಣ ಸೂಚನೆ. ಅಂಕ ತೋರಿಸುವ ಪುಟ್ಟ ಕಪ್ಪು ಗುರುತು ಕೈ ತಾಗಿದರೆ ಜಾರುತ್ತದೆ. ಪಕ್ಕದಲ್ಲಿ ಒಂದು ಕಾಗದ ಇಟ್ಟು ಸುತ್ತು ಸುತ್ತಿಗೂ ಬರೆದುಕೊಳ್ಳಿ.

ಪ್ಯಾಂಡೆಮಿಕ್: ಎಲ್ಲರೂ ಒಂದು ಕಡೆ

ಇದರಲ್ಲಿ ಎದುರಾಳಿ ಆಟವೇ. ಪ್ರಪಂಚದ 48 ಊರುಗಳಲ್ಲಿ ನಾಲ್ಕು ರೋಗ ಹರಡುತ್ತಿರುತ್ತದೆ. ನಾಲ್ಕಕ್ಕೂ ಮದ್ದು ಕಂಡುಹಿಡಿದರೆ ಎಲ್ಲರೂ ಗೆದ್ದರು, ಇಲ್ಲವಾದರೆ ಎಲ್ಲರೂ ಸೋತರು. ಹಿಂದೆ ಬೀಳುವವರು ಅಂತಲೇ ಯಾರೂ ಇಲ್ಲ.

ನಮ್ಮ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಬೋರ್ಡಿನ ಮೇಲಿವೆ. ಬೆಂಗಳೂರು ಇಲ್ಲ ಅಂತ ಮಗಳು ಮುಖ ಊದಿಸಿಕೊಂಡಳು. ರೋಗವನ್ನು ತೋರಿಸುವುದು ದಾಳದಂಥ ಪುಟ್ಟ ಘನಗಳು. ಒಂದು ಊರಿನಲ್ಲಿ ಅಂಥ ಮೂರು ಘನಗಳಿದ್ದು ನಾಲ್ಕನೆಯದು ಬರುವಂತಾದರೆ ಅದು ಸ್ಫೋಟಿಸಿ ಸುತ್ತಲಿನ ಊರುಗಳಿಗೆಲ್ಲ ಒಂದೊಂದು ಘನ ಹಬ್ಬುತ್ತದೆ. ದೆಹಲಿಗೆ ಐದು ಕಡೆ ಸಂಪರ್ಕ: ಟೆಹರಾನ್, ಕರಾಚಿ, ಮುಂಬೈ, ಕೋಲ್ಕತ್ತ, ಚೆನ್ನೈ. ಆ ಊರುಗಳಲ್ಲೂ ಮೂರು ಮೂರು ಇದ್ದರೆ ಅವೂ ಸ್ಫೋಟ. ಎಂಟನೇ ಸ್ಫೋಟಕ್ಕೆ ಆಟ ಮುಗಿದುಹೋಯಿತು. ಆಟಕ್ಕೆ ಇನ್ನೊಂದು ಕ್ರೂರ ಜಾಣತನ ಇದೆ. ಸಾಂಕ್ರಾಮಿಕ ಕಾರ್ಡ್ ಬಂದಾಗ, ಆಗಲೇ ರೋಗ ಬಂದ ಊರುಗಳ ಕಾರ್ಡುಗಳನ್ನು ಕಲಕಿ ಮತ್ತೆ ಕಟ್ಟಿನ ಮೇಲೇ ಇಡುತ್ತಾರೆ. ಅಂದರೆ ಪೆಟ್ಟು ತಿಂದ ಊರಿಗೇ ಮತ್ತೆ ಪೆಟ್ಟು. ಇದನ್ನು ಯೋಚಿಸಿದವರ ತಲೆಗೆ ಕೈಮುಗಿಯಬೇಕು.

ಮದ್ದು ಕಂಡುಹಿಡಿಯಲು ಒಬ್ಬರ ಕೈಯಲ್ಲೇ ಒಂದೇ ಬಣ್ಣದ ಐದು ಕಾರ್ಡ್ ಸೇರಬೇಕು. ಕಾರ್ಡ್ ಕೊಡುವುದೂ ಸುಲಭವಲ್ಲ. ಚೆನ್ನೈ ಕಾರ್ಡ್ ಕೊಡಬೇಕೆಂದರೆ ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಚೆನ್ನೈಯಲ್ಲೇ ಇರಬೇಕು. ಯಜಮಾನರು ಮತ್ತು ನಾನು ಇಬ್ಬರೇ ಆಡುವಾಗ ಈ ಒಂದು ನಿಯಮ ಎಷ್ಟು ಮಾತು ಹುಟ್ಟಿಸುತ್ತದೆ ಗೊತ್ತಾ? ‘ನೀವು ಅಲ್ಲೇ ಇರಿ, ಎರಡು ಹೆಜ್ಜೆಯಲ್ಲಿ ನಾನೇ ಬರ್ತೀನಿ.’ ‘ಬೇಡ, ನೀನು ಮೊದಲು ಕರಾಚಿ ನೋಡ್ಕೋ.’ ಮಗಳು ಮಲಗಿದ ಮೇಲೆ ನಾವಿಬ್ಬರೂ ಒಂದೇ ವಿಷಯದ ಮೇಲೆ ಇಷ್ಟು ಹೊತ್ತು ಮಾತನಾಡುವುದು ಅಪರೂಪ. ಈ ಕಾರಣಕ್ಕೇ ನನಗೆ ಈ ಆಟ ಇಷ್ಟ.

ನಾಲ್ವರು ಕೂತರೆ ಕಥೆ ಬೇರೆ. ಗೊತ್ತಿರುವವರು ಒಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಲು ಶುರು ಮಾಡುತ್ತಾರೆ. ‘ಅಮ್ಮ, ನೀವು ಇಲ್ಲಿಗೆ ಬನ್ನಿ, ಆ ಘನ ತೆಗೀರಿ’ ಅಂತ. ಹೇಳಿದ ಕಡೆ ಕಾಯಿ ಸರಿಸುವವರಿಗೆ ಅದು ಆಟ ಅನ್ನಿಸುವುದಿಲ್ಲ. ಬೇರೆ ಆಟದಲ್ಲಿ ಹಿಂದೆ ಬಿದ್ದವರಿಗೆ ಆಗುವ ಬೇಜಾರು ಇಲ್ಲಿ ಹೀಗೆ ಬರುತ್ತದೆ. ಕೇಳಿದರೆ ಮಾತ್ರ ಸಲಹೆ ಅಂತ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಹೇಳಲೇಬೇಕು. ಈ ಆಟ ಬಂದದ್ದು ಕೊರೋನಾಗಿಂತ ಎಷ್ಟೋ ಮೊದಲು. ಆದರೆ ಆ ವರ್ಷಗಳಲ್ಲಿ ಹತ್ತಿರದವರನ್ನು ಕಳೆದುಕೊಂಡ ಮನೆಗಳಲ್ಲಿ ಊರ ಮೇಲೆ ರೋಗದ ಘನ ಇಡುವುದು ಬರೀ ಆಟವಾಗಿ ಉಳಿಯುವುದಿಲ್ಲ. ಅತ್ತೆ ಒಮ್ಮೆ ಆಡಿ, ‘ಇದು ಬೇಡಮ್ಮ, ಆ ರೈಲಿನ ಆಟವೇ ತೆಗಿ’ ಅಂದರು. ನಾನು ಮರುಮಾತಾಡಲಿಲ್ಲ. ನೀವೂ ಮನೆಯವರ ಮನಸ್ಸು ನೋಡಿಕೊಂಡೇ ತೆಗೆಯಿರಿ.

ಇಬ್ಬರೇ ಇದ್ದಾಗ, ಹೊತ್ತು ಕಡಿಮೆ ಇದ್ದಾಗ

ಇಬ್ಬರೇ ಆಡುವವರು ಕ್ಯಾಟನ್ ಆಸೆ ಬಿಡಿ. ಮೂಲ ಡಬ್ಬಿಯಲ್ಲಿ ಕನಿಷ್ಠ ಮೂವರು ಬೇಕು. ಇಬ್ಬರಿಗೆ ನನ್ನ ಆಯ್ಕೆ ಅಜೂಲ್. ಇಬ್ಬರಿದ್ದಾಗ ಐದೇ ತಟ್ಟೆ, ಎದುರಿನವರು ಏನು ತೆಗೆಯುತ್ತಾರೆ ಅಂತ ನಿಖರವಾಗಿ ಲೆಕ್ಕ ಹಾಕಬಹುದು. ನಾಲ್ವರಿದ್ದಾಗ ಒಂಬತ್ತು ತಟ್ಟೆ. ನಿಮ್ಮ ಸರದಿ ಬರುವಷ್ಟರಲ್ಲಿ ಎಲ್ಲ ಬದಲಾಗಿರುತ್ತದೆ, ಅದೃಷ್ಟದ ಪಾಲು ಹೆಚ್ಚು.

ಡಬ್ಬಿಯ ಮೇಲಿನ ಸಮಯವನ್ನು ಮೊದಲ ಸಲಕ್ಕೆ ನಂಬಬೇಡಿ. ಅದು ನಿಯಮ ಗೊತ್ತಿದ್ದವರ ಲೆಕ್ಕ. ಅಜೂಲ್ ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ಆಗುತ್ತದೆ. ಟಿಕೆಟ್ ಟು ರೈಡ್‌ಗೆ ಒಂದು ಗಂಟೆ ಇಟ್ಟುಕೊಳ್ಳಿ. ಕ್ಯಾಟನ್‌ಗೆ ರಜಾ ದಿನವೇ ಸರಿ.

ಸಂಬಂಧಿಕರ ಮನೆಯಲ್ಲಿ ಸ್ಪ್ಲೆಂಡರ್ ಅನ್ನುವ ಆಟವನ್ನೂ ಆಡಿದೆವು. ಹರಳು ಕೂಡಿಸಿ ಕಾರ್ಡ್ ಕೊಳ್ಳುವ ಆಟ, 15 ಅಂಕಕ್ಕೆ ಗೆಲುವು. ಹರಳಿನ ಬಿಲ್ಲೆಗಳು ಕೈಯಲ್ಲಿ ಭಾರವಾಗಿ ಕೂರುತ್ತವೆ, ಅಷ್ಟರಮಟ್ಟಿಗೆ ಖುಷಿ. ಆದರೆ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಲೆಕ್ಕದಲ್ಲೇ ಮುಳುಗಿದ್ದರು. ಮಾತಿಲ್ಲದ ಆಟ ನಮಗೆ ಒಗ್ಗಲಿಲ್ಲ.

ಕೊಳ್ಳುವ ಮುಂಚೆ

ಇವೆಲ್ಲ ಸಾವಿರಗಳ ಬೆಲೆಯ ಆಟಗಳು. ಬೆಂಗಳೂರಿನಲ್ಲಿದ್ದರೆ ಬೋರ್ಡ್ ಗೇಮ್ ಕೆಫೆಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಆಡಿ ನೋಡಿ. ಮುಖ್ಯವಾಗಿ ಹಿರಿಯರನ್ನು ಕರೆದೊಯ್ಯಿರಿ. ಅವರಿಗೆ ಹಿಡಿಸಿದ ಆಟ ಮನೆಯಲ್ಲಿ ಉಳಿಯುತ್ತದೆ. ಮೈಸೂರಿನ ಕಡೆಯವರಾದರೆ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಯುವಾಗ ಹೋಗಿ ಬನ್ನಿ. ಪಗಡೆ, ಚೌಕಾಬಾರ, ಅಳಗುಳಿ ಮಣೆ, ಹುಲಿ ಕುರಿ ಎಲ್ಲವೂ ಅಲ್ಲಿ ಸಿಗುತ್ತವೆ. ಹೊಸ ಆಟ ಕಲಿಸುವ ಮೊದಲು ಹಿರಿಯರಿಂದ ಒಂದು ಹಳೆಯ ಆಟ ಕಲಿತುಕೊಂಡರೆ, ಆಮೇಲೆ ಅವರೂ ಅಷ್ಟೇ ಪ್ರೀತಿಯಿಂದ ನಿಮ್ಮ ಆಟಕ್ಕೆ ಕೂರುತ್ತಾರೆ. ನಮ್ಮಲ್ಲಿ ಆದದ್ದು ಹಾಗೆಯೇ.

ಒಂದೇ ಡಬ್ಬಿ ಅಂದರೆ ಟಿಕೆಟ್ ಟು ರೈಡ್ ತನ್ನಿ. ಇಬ್ಬರೇ ಇರುವ ಮನೆಯಾದರೆ ಅಜೂಲ್. ಗೆಳೆಯರು, ನೆಂಟರು ಸದಾ ಬಂದುಹೋಗುವ ಮನೆಯಾದರೆ ಕ್ಯಾಟನ್. ಪ್ಯಾಂಡೆಮಿಕ್ ಅನ್ನು ಮೊದಲ ಆಟವಾಗಿ ಯಾರಿಗೂ ಹೇಳಲಾರೆ, ಎರಡನೆಯದಾಗಿ ಖಂಡಿತ ಹೇಳುತ್ತೇನೆ.

ಟಿಕೆಟ್ ಟು ರೈಡ್‌ಗೆ ಭಾರತದ ನಕಾಶೆಯೂ ಇದೆ, 2011ರಲ್ಲಿ ಬಂದದ್ದು. ಒಂದು ಬದಿಗೆ ಭಾರತ, ಇನ್ನೊಂದು ಬದಿಗೆ ಸ್ವಿಟ್ಜರ್‌ಲ್ಯಾಂಡ್. ಬೋಗಿ ಮತ್ತು ಬಣ್ಣದ ಕಾರ್ಡ್ ಅದರ ಜೊತೆ ಬರುವುದಿಲ್ಲ, ಮೂಲ ಡಬ್ಬಿಯದನ್ನೇ ಬಳಸಬೇಕು. ಎರಡು ಊರನ್ನು ಎರಡು ಬೇರೆ ಬೇರೆ ದಾರಿಯಿಂದ ಕೂಡಿಸಿದರೆ ಹೆಚ್ಚಿನ ಅಂಕ ಕೊಡುತ್ತಾರಂತೆ. ಡುಲುತ್ ಬಿಟ್ಟು ದೆಹಲಿಗೆ ರೈಲು ಬಿಡಬಹುದು ಅಂತ ಹೇಳಿದಾಗಿನಿಂದ ಅತ್ತೆ ಅದು ಯಾವಾಗ ಬರುತ್ತದೆ ಅಂತ ಕೇಳುತ್ತಲೇ ಇದ್ದಾರೆ. ನಮ್ಮ ಮನೆಗೆ ಮುಂದೆ ಬರುವ ಡಬ್ಬಿ ಅದೇ.